ಬೂದಿಯ ಬಾಣಲೆ

ಮಠ ಹಿಂದೆ ಒಮ್ಮೆ ಹೊಳೆಯ ನೆರೆಗೆ ಸಿಕ್ಕಿತ್ತು, ಇನ್ನೊಮ್ಮೆ ಬೆಂಕಿಗೆ. ಮೂರನೆಯ ಅನಾಹುತ ಸೋಮವಾರ ಬೆಳಗಿನ ಪೂಜೆಗೆ ಮುಂಚೆ ನಡೆಯಿತು. ಉಗ್ರಾಣದ ಬೆಕ್ಕು ಗುರುಗಳು ಕೂರುವ ಕಂಬಳಿಯ ಮೇಲೆ ಉಚ್ಚೆ ಹೊಯ್ದಿತು.

ಉಗ್ರಾಣ ನೋಡಿಕೊಳ್ಳುವ ಶಿಷ್ಯ ಗುರುಪಾದ ಬೆಕ್ಕನ್ನು ಗೋಣಿಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಗುರುಗಳ ಮುಂದೆ ಬಂದು ನಿಂತ. ಅವನ ಮುಂಗೈ ತುಂಬ ಗೀರುಗಳಿದ್ದವು.

“ಬುದ್ಧೀ, ಎಷ್ಟು ಕಲಿಸಿದರೂ ಕಲಿಯದ ಪ್ರಾಣಿಯನ್ನು ಮಠದಲ್ಲಿ ಇಟ್ಟುಕೊಳ್ಳಬೇಕೆ? ಇದಕ್ಕೆಂದೇ ಮೂಲೆಯಲ್ಲಿ ಮರಳು ತುಂಬಿದ ಮರದ ಮರಿಗೆ ಇಟ್ಟಿದ್ದೇನೆ. ಅದನ್ನು ಬಿಟ್ಟು ಎಲ್ಲ ಕಡೆ ಹೋಗುತ್ತದೆ. ಹೋದಲ್ಲೆಲ್ಲ ಹಿಡಿದು ಮೂಗು ತಿಕ್ಕಿದ್ದೇನೆ. ಅಪ್ಪಣೆಯಾದರೆ ಹೊಳೆಯಾಚೆ ಬಿಟ್ಟು ಬರುತ್ತೇನೆ.”

ಚೀಲ ಮಿಯಾಂವ್ ಎಂದಿತು. ಗುರುಗಳು “ನಿನ್ನ ಮಾತು ಆಮೇಲೆ” ಎಂದು ಚೀಲಕ್ಕೆ ಹೇಳಿ, ಗುರುಪಾದನಿಗೆ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಗಂಜಿ ಹಾಕಿದ ನೂಲೆಂದರೆ ಇಲಿಗಳಿಗೆ ಹಬ್ಬದೂಟ. ಹಾಗಾಗಿ ಅವನು ಒಂದು ಬೆಕ್ಕಿನ ಮರಿ ತಂದ. ಹೊತ್ತಿಗೆ ಸರಿಯಾಗಿ ಲಾಳಿಯಿಂದ ಮಗ್ಗದ ಕಂಬ ತಟ್ಟಿ ಕರೆದು ಹಾಲನ್ನ ಇಟ್ಟ. ಉಗುರು ಮಸೆಯಲು ಇನ್ನೊಂದು ಕಂಬಕ್ಕೆ ಹಳೆಯ ಹಗ್ಗ ಸುತ್ತಿದ. ಮೂಲೆಯ ಬಾಣಲೆಯಲ್ಲಿ ಒಲೆಯ ಬೂದಿ ತುಂಬಿ, ಉಂಡ ಮೇಲೆ ಮರಿಯನ್ನು ಅದರಲ್ಲಿ ಬಿಟ್ಟ. ಮರಿ ಕೆದರಿತು, ಕೂತಿತು, ಮುಚ್ಚಿತು. ಮೂರನೆಯ ದಿನದಿಂದ ತಾನಾಗಿಯೇ ಹೋಗತೊಡಗಿತು. ನೇಕಾರ ತಾನು ಕಲಿಸಿದ ವಿದ್ಯೆಯನ್ನು ಕೇರಿಗೆಲ್ಲ ಸಾರಿದ. ಬೆಕ್ಕು ಯಾರಿಗೂ ಏನೂ ಹೇಳಲಿಲ್ಲ.

ಅಷ್ಟರಲ್ಲಿ ಒಂದು ಮದುವೆಯ ಸೀರೆ ನೇಯುವ ಕೆಲಸ ಬಂತು. ನೇಕಾರನಿಗೆ ತಲೆ ಎತ್ತಲು ಪುರುಸೊತ್ತಿಲ್ಲ. ಹತ್ತನೆಯ ದಿನ ಬೆಕ್ಕು ನೂಲಿನ ಬುಟ್ಟಿಯಲ್ಲಿ ಗಲೀಜು ಮಾಡಿತು. ನೇಕಾರ ಲಾಳಿಯಿಂದ ಕಂಬ ತಟ್ಟಿದ. ಹಾಲನ್ನವೆಂದು ಬೆಕ್ಕು ಓಡಿ ಬಂತು. ಹಿಡಿದು, ಮೂಗು ತಿಕ್ಕಿ, ಎರಡು ಬಿಗಿದ.

ಅಂದು ಬೆಕ್ಕು ಒಂದೇ ಪಾಠ ಕಲಿಯಿತು: ಲಾಳಿ ಸದ್ದು ಮಾಡಿದರೆ ಓಡಬೇಕು. ಕರೆಯುವ ಸದ್ದು ಯಾವುದು, ನೇಯುವ ಸದ್ದು ಯಾವುದು ಎಂದು ವಿಚಾರಿಸುವ ವ್ಯವಧಾನ ಪೆಟ್ಟು ತಿಂದವರಿಗೆ ಇರುವುದಿಲ್ಲ. ಮಗ್ಗದ ಮನೆಯಲ್ಲಿ ಲಾಳಿ ಸುಮ್ಮನಿರುವ ಹೊತ್ತಾದರೂ ಯಾವುದು? ಬೆಕ್ಕು ಅಟ್ಟ ಸೇರಿತು. ಇಲಿಗಳು ಕೆಳಗಿಳಿದವು. ವಾರದೊಳಗೆ ಮಗ್ಗಕ್ಕೆ ಏರಿಸಿದ್ದ ಸೀರೆಯ ಹಾಸುನೂಲು ನೂರು ಕಡೆ ತುಂಡಾಯಿತು.

ನೇಕಾರ ತಲೆಯ ಮೇಲೆ ಕೈ ಹೊತ್ತು ಕೂತ. ಹಾಲು ಕೊಡಲು ಬಂದ ಮುದುಕಿ ಮೂಗಿಗೆ ಸೆರಗು ಹಿಡಿದಳು.

“ಆ ನಾರುವ ಬಾಣಲೆ ಇಟ್ಟುಕೊಂಡು ಹೆಂಗೆ ನೇಯ್ತೀಯಪ್ಪಾ?”

“ಅದು ಬೆಕ್ಕಿನದು ಕಣಜ್ಜಿ. ದರಿದ್ರದ್ದು, ಅದನ್ನು ಬಿಟ್ಟು ನೂಲಿನ ಬುಟ್ಟಿಗೇ ಹೋಗುತ್ತೆ.”

“ನೀನು ಮಗ್ಗದ ಕುಣಿ ಗುಡಿಸದೆ ಅದರಲ್ಲಿ ಕಾಲಿಡ್ತೀಯಾ?”

“ಛೆ ಛೆ, ಎಲ್ಲಾದರೂ ಉಂಟೆ!”

“ಬೆಕ್ಕು ನಿನಗಿಂತ ಮಡಿ ಕಣೋ. ಈ ಮನೆಯಲ್ಲಿ ಚೊಕ್ಕಟವಾಗಿದ್ದದ್ದು ನೂಲಿನ ಬುಟ್ಟಿ ಒಂದೇ. ಪಾಪ, ಹುಡುಕಿಕೊಂಡು ಹೋಗಿದೆ.”

ನೇಕಾರ ಬಾಣಲೆ ತೊಳೆದು ಹೊಸ ಬೂದಿ ಹಾಕಿದ. ಬೂದಿಗೆ ಬೆಕ್ಕು ಮರುದಿನವೇ ಬಂತು. ಕರೆದರೆ ಬರಲು ಆರು ತಿಂಗಳು ಹಿಡಿಯಿತು. ಆ ಸೀರೆಯನ್ನು ಬೇರೊಬ್ಬ ನೇಯ್ದ.

ಗುರುಗಳು ಕತೆ ಮುಗಿಸಿದರು. ಗುರುಪಾದನಿಗೆ ನೇಕಾರನ ಮೇಲೆ ಸಿಟ್ಟು ಬಂದಿತ್ತು.

“ಎಂಥ ಮನುಷ್ಯ ಬುದ್ಧೀ! ಹೊಡೆಯುವ ಮೊದಲು ಒಂದು ಸಲ ಬಾಣಲೆ ನೋಡಬಾರದಿತ್ತೆ?”

“ಗುರುಪಾದ, ನಮ್ಮ ಮರಿಗೆಯಲ್ಲಿರುವ ಮರಳು ಯಾವ ತಿಂಗಳಿನದು?”

ಗುರುಪಾದ ಬಗ್ಗಿ ಚೀಲದ ಬಾಯಿ ಬಿಚ್ಚಿದ. ಬೆಕ್ಕು ಹೊರಗೆ ಬಂದು, ಅವನಿಂದ ಎರಡು ಮಾರು ದೂರ ಕೂತು, ಮೈ ನೆಕ್ಕಿಕೊಂಡಿತು.

ಚೀಲ ಮಧ್ಯಾಹ್ನ ಹೊಳೆಗೆ ಹೋಯಿತು. ವಾಪಸು ಬರುವಾಗ ಅದರ ತುಂಬ ಹೊಸ ಮರಳು ಇತ್ತು.