ಗೊರಕಪ್ಪನ ಕಲ್ಲುಬಾನಿ ಕೊಳ

ಮಕ್ಕಳೇ, ಕಾಡಿನ ಅಂಚಿನಲ್ಲಿ ಒಂದು ಕಲ್ಲುಬಾನಿ ಬಿದ್ದಿತ್ತು. ಯಾವ ಕಾಲದಲ್ಲೋ ದನ ಕಾಯುವವರು ದನಗಳಿಗೆ ನೀರು ಕುಡಿಸಲು ಇಟ್ಟಿದ್ದು. ಹೋಗುವಾಗ ಹೊರಲಾರದೆ ಬಿಟ್ಟು ಹೋಗಿದ್ದರು. ಅರ್ಧ ಮಣ್ಣಿನಲ್ಲಿ ಹೂತಿತ್ತು, ಒಳಗೆಲ್ಲ ಒಣಗಿದ ಎಲೆ, ಜೇಡರ ಬಲೆ.

ಅದರ ಪಕ್ಕದ ಕಲ್ಲುಸಂದಿಯಲ್ಲಿ ಕಪ್ಪೆಗಳ ಒಂದು ಸಂಸಾರ. ಗಂಡ ಗೊರಕಪ್ಪ, ಹೆಂಡತಿ ತಂಪವ್ವ. ಗೊರಕಪ್ಪನಿಗೆ ಮೈಗಿಂತ ಗಂಟಲು ದೊಡ್ಡದು, ಗಂಟಲಿಗಿಂತ ಜಂಬ ದೊಡ್ಡದು. ಇನ್ನು ಬುದ್ಧಿಯ ಅಳತೆ ನಾನು ಹೇಳುವುದಿಲ್ಲ, ಮುಂದೆ ನೀವೇ ನೋಡಿ.

ಹೋದ ವರ್ಷ ತಂಪವ್ವ ಕೆರೆಯಲ್ಲಿ ಮೊಟ್ಟೆ ಇಟ್ಟಿದ್ದಳು. ಮರಿಗಳನ್ನೆಲ್ಲ ಮೀನು ನುಂಗಿಬಿಟ್ಟವು. ಈ ಕಡೆ ದಡದ ಮೇಲೆ ಒಂದು ಕೇರೆಹಾವು ದಿನಾ ಸುತ್ತು ಹಾಕುತ್ತಿತ್ತು.

"ಈ ಸಲ ನಮ್ಮದೇ ನೀರು ಬೇಕು ರೀ," ಅಂದಳು ತಂಪವ್ವ. "ಮರಿಗಳು ಉಸಿರಾಡಬೇಕು. ಹಾವು ಬಂದರೆ ನಾವು ದುಡುಮ್ಮನೆ ಮುಳುಗಬೇಕು. ಅಷ್ಟಾದರೆ ಸಾಕು."

"ಅಷ್ಟೇ ಯಾಕೆ? ಅರಮನೆಯ ಕೊಳ ಮಾಡಿ ತೋರಿಸ್ತೀನಿ, ನೋಡ್ತಿರು!"

ಮಾಡಿದವಳು ಮಾತ್ರ ತಂಪವ್ವ. ಕಸ ತೆಗೆದಳು, ತಳಕ್ಕೆ ಜೇಡಿಮಣ್ಣು ಹಾಸಿ ಮೇಲೆ ಮರಳು ಹರಡಿದಳು. ಹತ್ತಿ ಇಳಿಯಲು ಒಂದು ಪಕ್ಕ ಕಲ್ಲು ಒಟ್ಟಿದಳು. ಮೂಲೆಯಲ್ಲಿ ಬಜೆ ಗಿಡ ನೆಟ್ಟಳು, ಅದರ ಬುಡದಲ್ಲಿ ಮರಿಗಳು ಅಡಗಿಕೊಳ್ಳಲಿ ಅಂತ. ನಡುವೆ ಒಂದು ನೈದಿಲೆ ಗೆಡ್ಡೆ. ಮಳೆ ಬಂದು ಬಾನಿ ತುಂಬಿತು. ಗೊರಕಪ್ಪ ಅಂಚಿನ ಮೇಲೆ ಕೂತು "ಆ ಕಡೆ ಸರಿಸು, ಈ ಕಡೆ ಸರಿಸು" ಅನ್ನುತ್ತಿದ್ದ. ಅವನ ದುಡಿಮೆ ಅಷ್ಟೇ.

ತಂಪವ್ವ ಅದರಲ್ಲಿ ಇಟ್ಟ ಮೊಟ್ಟೆ ಒಡೆದು ಮರಿಗಳು ಬಾಲ ಆಡಿಸತೊಡಗಿದವು. ತಂಪವ್ವನಿಗೆ ಖುಷಿ. ಗೊರಕಪ್ಪನಿಗೆ ಮಾತ್ರ ಸಮಾಧಾನವಿಲ್ಲ.

"ಇದೇನು ಬೋಳು ತಲೆ ಥರ ಬರೀ ನೀರು ಕಾಣ್ತದೆ! ನಾಲ್ಕು ಜನ ಬಂದರೆ ಏನಂದಾರು? ಈ ಬಜೆ ಬೇರೆ, ಹುಲ್ಲಿನ ಹಾಗೆ ನಿಂತಿದೆ." ಬಜೆಯನ್ನು ಕಿತ್ತು ಎಸೆದ. ಕೆರೆಗೆ ಹೋದ.

ಅಲ್ಲಿ ನೀರುಕೋಳಿ ತನ್ನ ದಾರಿಗೆ ಅಡ್ಡ ಬೆಳೆದ ಅಂತರಗಂಗೆಯನ್ನು ಕಿತ್ತು ಕಿತ್ತು ಬಿಸಾಡುತ್ತಿತ್ತು. ನೀರಿನ ಮೇಲೆ ತೇಲುತ್ತಾ ಒಂದು ಹತ್ತಾಗುವ ಕಳೆ ಅದು.

"ಅಕ್ಕಾ, ಈ ಗಿಡ ನನಗೆ ಕೊಡ್ತೀಯಾ?"

"ಹೊತ್ತುಕೊಂಡು ಹೋಗಪ್ಪ ಮಹಾರಾಯ! ಇದನ್ನೂ ಕೇಳಿ ಪಡೆಯೋರಿದ್ದಾರೆ ಅಂತ ಇವತ್ತೇ ಗೊತ್ತಾಗಿದ್ದು."

ಎಂಥ ಧಾರಾಳಿ ಅಂದುಕೊಂಡು ಗೊರಕಪ್ಪ ಅದನ್ನು ತಂದು ಬಾನಿಗೆ ಬಿಟ್ಟ.

ಸ್ವಲ್ಪ ದಿನದಲ್ಲೇ ಬಾನಿಯ ತುಂಬ ಹಸಿರೋ ಹಸಿರು. "ನೋಡಿದೆಯಾ ನನ್ನ ಕೈಗುಣ?" ಅಂತ ಕುಣಿದಾಡಿದ. ಅಂತರಗಂಗೆ ಬೆಳೆಯಲು ಕೈಗುಣವಂತೆ! ಅದು ಬೆಳೆಯದ ಹಾಗೆ ಮಾಡಿದವನಿದ್ದರೆ ಅವನ ಕಾಲಿಗೆ ನಾನೇ ಬೀಳುತ್ತೇನೆ.

"ರೀ, ಒಳಗೆಲ್ಲ ಕತ್ತಲೆ. ನೀರು ನಾರ್ತಾ ಇದೆ," ಅಂದಳು ತಂಪವ್ವ. "ಮರಿಗಳಿಗೆ ಮೇಲೆ ಬಂದು ಬಾಯಿ ತೆರೆಯೋಕೂ ಸಂದಿಲ್ಲ. ಅರ್ಧ ಕಿತ್ತು ಹಾಕಿ."

"ಕೀಳೋದಾ? ಹೊಟ್ಟೆಕಿಚ್ಚು ಕಣೇ ನಿನಗೆ. ಬೇಕಾದರೆ ಓತಿಕ್ಯಾತಣ್ಣನ್ನ ಕೇಳು. ಏನಣ್ಣಾ, ಚೆನ್ನಾಗಿದೆ ಅಲ್ವಾ?"

ಬೇಲಿಯ ಮೇಲಿದ್ದ ಓತಿಕ್ಯಾತ ತಲೆ ಆಡಿಸಿತು.

"ಅಯ್ಯೋ, ಅದು ಎಲ್ಲದಕ್ಕೂ ತಲೆ ಆಡಿಸ್ತದೆ ರೀ! ನಿನ್ನೆ ಬರೀ ಕಲ್ಲಿನ ಮುಂದೆ ಕೂತು ಆಡಿಸ್ತಾ ಇತ್ತು."

"ರಸಿಕ ಕಣೇ ಅವನು. ಕಲ್ಲಿನಲ್ಲೂ ಚಂದ ಕಾಣ್ತಾನೆ."

ತಂಪವ್ವ ತಾನೇ ಎಳೆದಳು. ಬೇರುಗಳೆಲ್ಲ ಹೆಣೆದುಕೊಂಡು ಚಾಪೆಯಾಗಿದ್ದವು. ಕಷ್ಟಪಟ್ಟು ಅವಳು ಒಂದು ಕಿತ್ತರೆ ಇವನು ಅದನ್ನು ತಂದು ಮತ್ತೆ ಹಾಕಿದ. ಮರುದಿನ ಒಂದು ಮರಿ ಎಲೆಗಳ ಸಂದಿಯಲ್ಲಿ ಹೊಟ್ಟೆ ಮೇಲಾಗಿ ತೇಲಿತು.

"ಮಲಗಿದೆ ಬಿಡು," ಅಂದ ಗೊರಕಪ್ಪ. "ತಂಪಾಗಿದೆಯಲ್ಲ."

ತಂಪವ್ವ ಅವನ ಮುಖವನ್ನೇ ನೋಡಿದಳು. ಮತ್ತೆ ಎಳೆಯಲು ಕೂತಳು.

ಆ ಸಂಜೆಯೇ ಅವನು ಕೊಳ ನೋಡಲು ನೆರೆಹೊರೆಯವರನ್ನು ಕರೆದಿದ್ದ. ಅಳಿಲು ಬಂತು, ಮೊಲ ಬಂತು, ನೀರುಕೋಳಿಯೂ ಬಂತು.

"ಕೊಳ ಎಲ್ಲಪ್ಪಾ?" ಅಂತು ಮೊಲ.

"ನಿನ್ನ ಮೂಗಿನ ಮುಂದೆಯೇ ಇದೆ!"

"ಇದಾ? ಸೊಪ್ಪಿನ ಮಡಿ ಅಂದ್ಕೊಂಡೆ. ತಿನ್ನೋಣ ಅಂತಿದ್ದೆ."

"ನೀರನ್ನ ಎಲ್ಲಿ ಬಚ್ಚಿಟ್ಟಿದ್ದೀಯೋ?" ಅಂತು ನೀರುಕೋಳಿ. "ನಾನು ಬಿಸಾಡಿದ ಕಸಕ್ಕೆ ಕಲ್ಲಿನ ಕಟ್ಟೆ ಬೇರೆ!" ಅಳಿಲು ನಗುತ್ತಾ ಉರುಳಾಡಿತು.

ಗೊರಕಪ್ಪನಿಗೆ ರೇಗಿತು. "ಯಾರ ಕೊಳ ಗೊತ್ತೇನ್ರೋ ಇದು?" ಎಂದವನೇ ಗಂಟಲು ಉಬ್ಬಿಸಿ ವಟರ್ ವಟರ್ ಅಂತ ಕಾಡೆಲ್ಲ ಕೇಳುವ ಹಾಗೆ ಕೂಗಿದ.

ಕೇರೆಹಾವಿಗೂ ಕೇಳಿಸಿತು.

ಹುಲ್ಲು ಸರಸರ ಅಲ್ಲಾಡಿತು. ಅಳಿಲು ಮರ ಹತ್ತಿತು, ಮೊಲ ಓಡಿತು, ನೀರುಕೋಳಿ ಹಾರಿತು. "ಈ ಕಡೆ ಬನ್ನಿ ರೀ, ಸಂದಿಯೊಳಗೆ!" ಅಂತ ಕೂಗಿ ತಂಪವ್ವ ಕಲ್ಲುಸಂದಿಗೆ ನುಸುಳಿದಳು.

"ಹೇಡಿಗಳು! ಸ್ವಂತ ಕೊಳ ಇರೋನಿಗೆ ಸಂದಿ ಯಾಕೆ?" ಅಂತ ಗೊರಕಪ್ಪ ಠೀವಿಯಿಂದ ಬಾನಿಗೆ ಹಾರಿದ.

ದುಡುಮ್ ಅನ್ನಲಿಲ್ಲ. ಪಚಕ್ ಅಂತು.

ಎಲೆ ಬೇರುಗಳ ಚಾಪೆ ದಾರಿ ಬಿಡಲಿಲ್ಲ. ಎಡಕ್ಕೆ ತಲೆ ತೂರಿಸಿದ, ಎಲೆ. ಬಲಕ್ಕೆ ತೂರಿಸಿದ, ಬೇರು. ಒಂದು ಗೇಣು ಕೆಳಗೆ ಬೇಕಾದಷ್ಟು ನೀರು, ಮುಳುಗಲು ಬೆರಳಗಲ ತೂತಿಲ್ಲ.

ಹಾವು ಅಂಚಿನ ಮೇಲೆ ಗದ್ದ ಊರಿತು. "ಎಷ್ಟೋ ಕಡೆ ಉಂಡಿದ್ದೀನಿ. ಹೀಗೆ ಎಲೆ ಹಾಕಿ, ನಡುವೆ ಬಡಿಸಿಟ್ಟು ಕಾದವರನ್ನ ನೋಡಿದ್ದು ಇದೇ ಮೊದಲು."

"ಅಣ್ಣಾ... ಇದು... ನನ್ನ ಕೊಳ..."

"ಬಹಳ ಚೆನ್ನಾಗಿದೆ," ಅಂತು ಹಾವು.

ಗೊರಕಪ್ಪನಿಗೆ ಮನಸಾರೆ ಸಿಕ್ಕ ಹೊಗಳಿಕೆ ಅದೊಂದೇ.

ಅವನು ಒದ್ದಾಡಿದ ಭರಕ್ಕೆ ಹಸಿರು ಚಾಪೆ ನಡುವೆ ಹರಿಯಿತು. ಹಾವು ಹೋದ ಮೇಲೆ ತಂಪವ್ವ ಬಂದು ಇಣುಕಿದಳು. ಹರಿದ ಜಾಗದಲ್ಲಿ ಬೆಳಕು ನೀರಿಗೆ ಇಳಿದಿತ್ತು. ಅಲ್ಲಿ ಪುಟ್ಟ ಪುಟ್ಟ ಬಾಯಿಗಳು ಒಂದರ ಪಕ್ಕ ಒಂದು ಮೇಲೆ ಬಂದು ಗಾಳಿ ಗುಟುಕರಿಸುತ್ತಿದ್ದವು. ಬದುಕಿದ್ದಾಗ ಬಿಡದ ಜಾಗವನ್ನು ಅಪ್ಪ ಸಾಯುವಾಗ ಬಿಟ್ಟುಕೊಟ್ಟಿದ್ದ.

ನೀರುಕೋಳಿ ಮೆಲ್ಲಗೆ ಬಂದು ಪಕ್ಕದಲ್ಲಿ ನಿಂತಿತು. "ಅತ್ತುಬಿಡವ್ವ," ಅಂತು.

"ಅಳೋದು ಆಮೇಲೆ ಅಕ್ಕಾ. ನೀನು ಆ ಕೊನೆ ಹಿಡಿ, ಎಳೆಯೋಣ," ಅಂದಳು ತಂಪವ್ವ.

ನೀತಿ: ನೋಡುವವರ ಹೊಗಳಿಕೆಗಾಗಿ ಮನೆ ತುಂಬಿಸಿಕೊಂಡವನಿಗೆ, ಆಪತ್ತು ಬಂದಾಗ ತನ್ನ ಮನೆಯಲ್ಲೇ ಜಾಗ ಇರುವುದಿಲ್ಲ.