ಮೀಸಲು ಕೂದಲು

“ಅಜ್ಜಾರೇ, ಯಾರ ಕೈಯೂ ತಾಗದ ಮನಸ್ಸನ್ನು ಗುರುತಿಸುವುದು ಹೇಗೆ?” ಎಂದು ಶಿಷ್ಯ ನಿರುಪಾದಿ ಕೇಳಿದ.

ಮಠಕ್ಕೆ ಕಲಿಯಲು ಬಂದವರಲ್ಲಿ ಯಾರನ್ನು ಇರಿಸಿಕೊಳ್ಳಬೇಕು, ಯಾರನ್ನು ಕಳಿಸಬೇಕು ಎಂದು ನೋಡುವ ಕೆಲಸವನ್ನು ಮಠದ ಹಿರಿಯರಾದ ಅಜ್ಜಾರು ಆ ವರ್ಷ ಅವನಿಗೆ ವಹಿಸಿದ್ದರು. ಅವನು ಅದನ್ನು ಮೈಯೆಲ್ಲ ಕಣ್ಣಾಗಿ ಮಾಡುತ್ತಿದ್ದ. ಅಂದು ಬೆಳಿಗ್ಗೆ ಒಬ್ಬನನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಿದ್ದ. ಆ ಮನುಷ್ಯ ನಾಟಕದ ಕಂಪನಿಯಲ್ಲಿ ಬಣ್ಣ ಹಚ್ಚಿದವನು, ಅಲ್ಲಿಂದ ಗರಡಿಗೆ ಹೋದವನು, ಬೇರೊಂದು ಮಠದಲ್ಲಿ ಕೆಲಕಾಲ ಇದ್ದು ಅದನ್ನೂ ಬಿಟ್ಟು ಬಂದವನು.

“ಹತ್ತು ಕಡೆ ತಿರುಗಿದ ಮನಸ್ಸು ಅದು. ನಮಗೆ ಬೇಕಾದದ್ದು ದೇವರಿಗೆಂದು ಯಾರೂ ಮುಟ್ಟದೆ ತಂದ ಮೀಸಲು ನೀರಿನಂಥ ಮನಸ್ಸು ಅಲ್ಲವೇ?” ಎಂದ.

ಅಜ್ಜಾರು ಹರಿದ ಕೌದಿಯ ಅಂಚು ಹೊಲಿಯುತ್ತಿದ್ದರು. ಸೂಜಿಯಿಂದ ಕಣ್ಣು ತೆಗೆಯದೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಅರಿವೆ ವ್ಯಾಪಾರಿ ಇದ್ದ. ಅವನ ಹೆಂಡತಿ ಮಡಿಯ ವಿಷಯದಲ್ಲಿ ಯಾರಿಗೂ ಸೋತವಳಲ್ಲ. ಬಾವಿಯಿಂದ ನೀರು ತರುವಾಗ ದಾರಿಯಲ್ಲಿ ಯಾರಾದರೂ ಎದುರು ಬಂದು ಸೀನಿದರೆ ಚೆಲ್ಲಿ ಬೇರೆ ಸೇದುತ್ತಿದ್ದಳು. ಆ ಮನೆಯ ಬೆಕ್ಕು ಕೂಡ ಕಾಲು ತೊಳೆದೇ ಒಳಗೆ ಬರುತ್ತದೆ ಎಂದು ಓಣಿಯವರು ನಗುತ್ತಿದ್ದರು. ಅವಳು ಕೆಟ್ಟವಳಲ್ಲ. ತೊಳೆಯುವುದೇ ಪ್ರೀತಿ ಎಂದು ತಿಳಿದವಳು. ಯಾರ ಮೇಲೆ ಅಕ್ಕರೆ ಹೆಚ್ಚೋ ಅವರ ಬಟ್ಟೆಗೆ ಇನ್ನೆರಡು ನೀರು ಹೆಚ್ಚು ಬೀಳುತ್ತಿತ್ತು, ಅಷ್ಟೆ.

ಅವಳಿಗೆ ಒಬ್ಬಳೇ ಮಗಳು. ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಹೆಣ್ಣುಕೂಸು ಸುಖವಾಗಿ ಹುಟ್ಟಿತು. ಆದರೆ ಬಾಣಂತಿಗೆ ಜ್ವರ ಹಿಡಿಯಿತು. ಬಹಳ ದಿನ ಕಾಡಿದ ಜ್ವರ ಕೊನೆಗೆ ಬಿಟ್ಟಿತು, ಬಿಡುವಾಗ ತಲೆಯ ಕೂದಲನ್ನು ತನ್ನ ಜೊತೆಗೇ ಕರೆದುಕೊಂಡು ಹೋಯಿತು. ಮೊಣಕಾಲು ಮುಟ್ಟುತ್ತಿದ್ದ ಜಡೆ ಹಿಡಿಹಿಡಿಯಾಗಿ ಹಣಿಗೆಗೆ ಬಂತು. ಹಿಂದೆ ಗೇಣುದ್ದದ ಒಂದು ಎಳೆ ಜುಟ್ಟು ಉಳಿಯಿತು.

ಮಗಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಕೂಸಿಗೆ ಹಾಲು ಕುಡಿಸುವಾಗಲೂ ಸೆರಗನ್ನು ಹಣೆಯ ತನಕ ಎಳೆದುಕೊಳ್ಳುತ್ತಿದ್ದಳು. ಸೆರಗಿನ ಒಳಗಿಂದ ಕೂಸು ಅವಳಿಗೆ ಕಾಣುತ್ತಿರಲಿಲ್ಲ, ಕೂಸಿಗೆ ಅವಳೂ ಕಾಣುತ್ತಿರಲಿಲ್ಲ. ಜ್ವರದ ದೆಸೆಯಿಂದ ಮುಂದೆ ಹೋಗಿದ್ದ ತೊಟ್ಟಿಲ ಶಾಸ್ತ್ರ ಹತ್ತಿರ ಬಂದಾಗ ಒಂದೇ ಮಾತು ಹೇಳಿದಳು.

“ಅವರ ಮನಿಯವರೆಲ್ಲ ಬರ್ತಾರ. ನಾ ಹೊರಗ ಬರೂದಿಲ್ಲವ್ವಾ. ಕೂಸಿನ್ನ ನೀನ ತೊಟ್ಟಲಕ್ಕ ಹಾಕು.”

ಒಂದು ಶಾಸ್ತ್ರ ತಪ್ಪುತ್ತದೆ ಎಂದು ತಾಯಿ ಅಂಜಲಿಲ್ಲ. ಈ ಸಲ ಹೊರಗೆ ಬರದವಳು ಇನ್ನೆಂದೂ ಹೊರಗೆ ಬರಲಾರಳು, ಕೂಸು ತಾಯಿ ಇದ್ದೂ ತಬ್ಬಲಿಯಾಗುತ್ತದೆ ಎಂದು ಅಂಜಿದಳು. ಚಪ್ಪಲಿ ಮೆಟ್ಟಿ, ಜಡೆಗೆ ಸೇರಿಸಿ ಹೆಣೆಯುವ ಚೌರಿ ಕಟ್ಟುವವಳ ಮನೆಗೆ ಹೊರಟಳು.

ಚೌರಿ ಕಟ್ಟುವವಳು ಊರ ಅಂಚಿನಲ್ಲಿ ಇದ್ದಳು. ಅವಳ ಪಡಸಾಲೆಯ ಗಳಕ್ಕೆ ಕೂದಲಿನ ಕಟ್ಟುಗಳು ತೂಗುತ್ತಿದ್ದವು. ವ್ಯಾಪಾರಿಯ ಹೆಂಡತಿ ಹೊಸ್ತಿಲ ಹೊರಗೇ ನಿಂತು ತನಗೆ ಬೇಕಾದದ್ದನ್ನು ಹೇಳಿದಳು. ಬಣ್ಣ ಕಂಡ ಕೂದಲು ಬೇಡ. ಕಾವು ಕಂಡದ್ದು ಬೇಡ. ಕತ್ತರಿ ಮೊದಲೇ ಆಡಿದ್ದು ಬೇಡ. ಒಂದೇ ತಲೆಯಲ್ಲಿ ಬೆಳೆದು, ಒಂದೇ ಸಲಕ್ಕೆ ಇಳಿದು ಬಂದದ್ದಾಗಬೇಕು. ಅದನ್ನು ಬೇರೆ ಯಾವ ಹೆಣ್ಣೂ ಮುಡಿದಿರಬಾರದು.

“ಮೀಸಲು ಕೂದಲು ಅನ್ರಿ,” ಎಂದು ಚೌರಿಯವಳು ಒಂದೊಂದೇ ಕಟ್ಟು ಇಳಿಸಿದಳು.

ವ್ಯಾಪಾರಿಯ ಹೆಂಡತಿ ಹೊಸ್ತಿಲಾಚೆಯಿಂದಲೇ ಅಕ್ಕಿಯ ಕಲ್ಲು ಆರಿಸುವವಳಂತೆ ಆರಿಸತೊಡಗಿದಳು. ಒಂದನ್ನು ಬೆಳಕಿಗೆ ಹಿಡಿದು ಮದರಂಗಿಯ ಕೆಂಪು ಕಂಡು ಬದಿಗಿಟ್ಟಳು. ಒಂದರ ವಾಸನೆ ನೋಡಿ ತಳ್ಳಿದಳು. ಇನ್ನೊಂದು ಎರಡು ತಲೆಯದು ಎಂದು ಚೌರಿಯವಳೇ ಒಪ್ಪಿಕೊಂಡಳು. ಕೊನೆಗೆ ಒಂದು ಕಟ್ಟು ಕೈಗೆ ಬಂತು. ಹುಟ್ಟಿದಾಗಿನಿಂದ ಕತ್ತರಿ ಕಾಣದೆ ಬೆಳೆದು ಹರಕೆಗೆ ಇಳಿದ ಮುಡಿ ಅದು. ಕೈಯಿಂದ ನೀರಿನಂತೆ ಜಾರಿತು. ವ್ಯಾಪಾರಿಯ ಹೆಂಡತಿ ಅದನ್ನು ಕೆನ್ನೆಗೆ ಒತ್ತಿಕೊಂಡಳು, ಅವಳಿಗೆ ಕಣ್ಣೀರು ಬಂತು.

ಚೌರಿಯವಳು ಅದರ ಬುಡವನ್ನು ಒಟ್ಟು ಮಾಡಿ, ಕೆಂಪು ದಾರ ಸುತ್ತಿ, ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಗಂಟು ಬಿಗಿದಳು. “ಈ ದಾರ ಹಿಂಗ ಇರ್ಲಿ,” ಎಂದು ಕೊಟ್ಟಳು.

ಮನೆಗೆ ಬರುವಷ್ಟರಲ್ಲಿ ವ್ಯಾಪಾರಿಯ ಹೆಂಡತಿಯ ಸಂತೋಷದಲ್ಲಿ ಒಂದು ಮುಳ್ಳು ಆಡತೊಡಗಿತ್ತು. ದಾರ ಬಾಯಿಗೆ ಹೋಗಿತ್ತು. ಎಂಜಲಾದ ದಾರ. ಎಲ್ಲ ಬಿಟ್ಟು ಇಷ್ಟು ಮೀಸಲಾದದ್ದನ್ನು ಆರಿಸಿ ತಂದು, ಎಂಜಲಿನಿಂದ ಕಟ್ಟಿದ್ದನ್ನು ಬಾಣಂತಿಯ ತಲೆಗೆ ಮುಡಿಸುವುದೇ? ಅವಳು ದಾರ ಬಿಚ್ಚಿ ಬಚ್ಚಲ ಒಲೆಗೆ ಹಾಕಿದಳು. ಕೂದಲನ್ನು ದೊಡ್ಡ ಬೋಗುಣಿಯಲ್ಲಿ ಹರಡಿ ಸೀಗೆಕಾಯಿ ಹಾಕಿ ಅದ್ದಿ ಅದ್ದಿ ತೊಳೆದಳು. ಮಗಳ ಮೇಲಿನ ಅಕ್ಕರೆಗೆ ಇನ್ನೆರಡು ನೀರು ಹೆಚ್ಚು ಹಾಕಿದಳು. ಮಡಿ ಬಟ್ಟೆಯ ಮೇಲೆ ಒಣಗಲು ಹಾಕಿದಳು.

ಒಣಗಿದ ಮೇಲೆ ನೋಡಿದರೆ ಕೂದಲು ಒಂದಕ್ಕೊಂದು ಅಂಟಿಕೊಂಡಿತ್ತು. ಬಿಡಿಸಲು ಹೋದಳು, ಬಿಗಿಯಿತು. ಎಣ್ಣೆ ಹಾಕಿ ಹಣಿಗೆ ಆಡಿಸಿದಳು, ಇನ್ನಷ್ಟು ಬಿಗಿಯಿತು. ಬಿಸಿಲು ಇಳಿಯುವ ಹೊತ್ತಿಗೆ ಅವಳ ತೊಡೆಯ ಮೇಲೆ ಕಂಬಳಿಯ ತುಂಡಿನಂಥ ಒಂದು ಉಂಡೆ ಇತ್ತು. ಅದರ ಒಂದೊಂದು ಎಳೆಯೂ ಮೀಸಲೇ. ಬಣ್ಣವಿಲ್ಲ, ಕಾವಿಲ್ಲ, ಎಂಜಲೂ ಈಗ ಇಲ್ಲ. ಆದರೂ ಇದು ಹೀಗೇಕಾಯಿತು ಎಂದು ಅವಳಿಗೆ ತಿಳಿಯಲಿಲ್ಲ. ಒಳಗೆ ಕೂಸು ಅಳುತ್ತಿತ್ತು. ಅವಳೂ ಅತ್ತಳು.

ಮರುದಿನ ಉಂಡೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ, ಹೊಸ್ತಿಲ ಹೊರಗಿಂದಲೇ ಚೌರಿಯವಳ ಮುಂದೆ ಇಟ್ಟಳು.

“ದಾರ ಎಲ್ಲಿ ಹೋತು?”

“ಎಂಜಲಾಗಿತ್ತು. ಬಿಚ್ಚಿದೆ.”

ಚೌರಿಯವಳು ಘೊಳ್ಳನೆ ನಕ್ಕಳು. ಎದುರಿನ ಮುಖ ನೋಡಿ ನಗು ನಿಲ್ಲಿಸಿದಳು. “ಕೂದಲಕ್ಕ ಮಡಿ ಮೈಲಿಗಿ ಗೊತ್ತಿಲ್ರವ್ವಾ. ಅದಕ್ಕ ಬುಡ ಗೊತ್ತು, ತುದಿ ಗೊತ್ತು, ಅಷ್ಟ. ಒಂದರ ಬುಡಕ್ಕ ಇನ್ನೊಂದರ ತುದಿ ಬಂದು ಕುಂತ್ರ ಒಂದನ್ನೊಂದು ಹಿಡಕೋತಾವು, ಜಪ್ಪಯ್ಯ ಅಂದ್ರೂ ಬಿಡೂದಿಲ್ಲ. ನೀವು ತೊಳಿಯೂ ಭರದಾಗ ಎಲ್ಲಾನೂ ಅಡ್ಡಾದಿಡ್ಡಿ ಮಾಡೀರಿ.”

ಆ ಉಂಡೆ ಬಿಡಿಸಿದರೆ ಎಳೆಗಳು ತುಂಡಾಗುತ್ತಿದ್ದವು. ಅಂಥ ಇನ್ನೊಂದು ಮುಡಿ ಅವಳ ಹತ್ತಿರ ಇರಲಿಲ್ಲ. ಇದ್ದದ್ದು ಮೂಲೆಯಲ್ಲಿ ಒಂದು ಚೀಲ. ಓಣಿ ಓಣಿ ತಿರುಗಿ, ಸೂಜಿ ಪಿನ್ನು ಕೊಟ್ಟು, ಹೆಂಗಸರು ತಲೆ ಬಾಚಿ ಗೋಡೆಯ ಸಂದಿಗೆ ತುರುಕಿಟ್ಟಿದ್ದ ಉದುರು ಕೂದಲನ್ನು ಅವಳು ಅದರಲ್ಲಿ ತಂದು ತುಂಬಿದ್ದಳು. ಚೀಲದ ಬಾಯಿ ಬಿಚ್ಚಿದಾಗ ವ್ಯಾಪಾರಿಯ ಹೆಂಡತಿ ಸೀರೆಯ ನೆರಿಗೆ ಹಿಂದಕ್ಕೆ ಎಳೆದುಕೊಂಡಳು.

“ಇದಾ? ಯಾರ್ಯಾರ ತಲೀದೋ ಏನೋ!”

“ಹೌದ್ರಿ. ಯಾರ್ಯಾರ ತಲೀದೋ.”

ಚೌರಿಯವಳು ಚೀಲದಿಂದ ಒಂದೇ ಒಂದು ಎಳೆ ತೆಗೆದಳು. ಅದನ್ನು ವ್ಯಾಪಾರಿಯ ಹೆಂಡತಿಯ ಹೆಬ್ಬೆರಳು ತೋರುಬೆರಳಿನ ನಡುವೆ ಉದ್ದಕ್ಕೆ ಇಟ್ಟು, “ಬೆರಳ ಹಿಂದ ಮುಂದ ಆಡಸ್ರಿ, ಮೆತ್ತಗ,” ಎಂದಳು. ಬೇರೆ ದಾರಿಯಿಲ್ಲದೆ ಆಕೆ ಆಡಿಸಿದಳು.

ಎಳೆ ನಡೆಯಿತು.

ಬೆರಳು ಹಿಂದಕ್ಕೂ ಹೋಗುತ್ತಿತ್ತು, ಮುಂದಕ್ಕೂ ಬರುತ್ತಿತ್ತು. ಎಳೆ ಮಾತ್ರ ಒಂದೇ ಕಡೆಗೆ ಹೋಗುತ್ತಿತ್ತು. ಮೆಲ್ಲಗೆ, ಇರುವೆ ನಡೆದ ಹಾಗೆ, ಬೆರಳಿನ ಸಂದಿನಿಂದ ಹೊರಗೆ ಬಂತು. ವ್ಯಾಪಾರಿಯ ಹೆಂಡತಿ ಬೆಚ್ಚಿದಳು. ಎಳೆಯನ್ನು ತಿರುಗಿಸಿ ಹಿಡಿದು ಮತ್ತೆ ಆಡಿಸಿದಳು. ಅದು ಈಗ ಎದುರು ದಿಕ್ಕಿಗೆ ಹೊರಟಿತು. ತಾನು ನೂಕುತ್ತಿಲ್ಲ ಎಂದು ಅವಳಿಗೆ ಖಾತ್ರಿಯಾಗಿತ್ತು.

“ಎಲ್ಲಿಗೆ ಹೊಂಟದ ಇದು?” ಎಂದಳು. ಅವಳ ದನಿ ತಗ್ಗಿತ್ತು.

“ಬುಡದ ಕಡೆ. ಯಾವ ತಲೀಯಿಂದ ಉದುರಿತ್ತೋ, ಎಷ್ಟು ದಿನ ಆತೋ, ಯಾರ ಗ್ವಾಡ್ಯಾಗ ಬಿದ್ದಿತ್ತೋ. ತಿಕ್ಕಿದ್ರ ಬುಡದ ಕಡೆನ ಹೋಗತೈತಿ. ಹುಟ್ಟಿದಾಗಿಂದ ಇದ ಕೆಲಸ ಮಾಡೇನಿ. ಇವತ್ತಿಗೂ ನೋಡಿದ್ರ ಮೈ ಜುಮ್ಮ ಅಂತೈತಿ.”

ವ್ಯಾಪಾರಿಯ ಹೆಂಡತಿ ಇನ್ನೊಂದು ಎಳೆ ತೆಗೆದಳು. ಅದೂ ನಡೆಯಿತು. ಕರಿಯದು ನಡೆಯಿತು, ಕೆಂಚು ನಡೆಯಿತು, ಯಾವಳೋ ಮುದುಕಿಯ ಬಿಳಿ ಎಳೆಯೂ ನಡೆಯಿತು. ಬಣ್ಣ ಹಚ್ಚಿಕೊಂಡಿದ್ದ ಒಂದು ಎಳೆಯನ್ನು ಇದು ಹೇಗೆ ನಡೆದೀತು ಎಂದು ಬೇಕೆಂದೇ ಆರಿಸಿ ನೋಡಿದಳು. ಅದೂ ತನ್ನ ಬುಡದ ಕಡೆಗೇ ಹೊರಟಿತು. ತಾನು ತೊಳೆದು ತೊಳೆದು ಕಾಪಾಡಿಕೊಂಡು ಬಂದದ್ದೆಲ್ಲ ಮೇಲಿನದು, ಒಳಗೆ ಯಾರೂ ತೊಳೆಯಲಾಗದ, ಯಾರೂ ಕೆಡಿಸಲಾಗದ ಇನ್ನೊಂದು ಇದೆ ಎಂದು ಅವಳಿಗೆ ಅನಿಸಿತು. ಹೊಸ್ತಿಲ ಹೊರಗೆ ನಿಂತಿದ್ದವಳು ಯಾವಾಗ ಒಳಗೆ ಬಂದು ನೆಲದ ಮೇಲೆ ಕೂತಳೋ ಅವಳಿಗೇ ಗೊತ್ತಾಗಲಿಲ್ಲ.

ಆಮೇಲೆ ಇನ್ನೊಂದು ನೆನಪಾಯಿತು. ತನ್ನ ಮನೆಯ ಹಿತ್ತಿಲ ಗೋಡೆಯಲ್ಲೂ ಒಂದು ಸಂದಿ ಇತ್ತು. ಮಗಳು ಚಿಕ್ಕವಳಿದ್ದಾಗಿನಿಂದ ಅವಳ ತಲೆ ಬಾಚಿ, ಬಂದ ಕೂದಲು ಸುತ್ತಿ ಅಲ್ಲಿ ತುರುಕುತ್ತಿದ್ದಳು. ಸೂಜಿ ಪಿನ್ನು ಕೊಡುವ ಯಾರಾದರೂ ಓಣಿಯಲ್ಲಿ ಕೂಗಿದಾಗ ಕೊಡುತ್ತಿದ್ದಳು.

“ಇದರಾಗ ನಮ್ಮ ಮಗಳದೂ ಇರಬಹುದೇನು?”

“ಇರಬಹುದು. ಇಲ್ಲದನೂ ಇರಬಹುದು. ಹೆಂಗ ಹೇಳಲಿ?”

ಇಬ್ಬರೂ ಕೂತು ಆರಿಸಿದರು. ಬೆರಳಲ್ಲಿ ಆಡಿಸುವುದು, ಅದು ಹೋದ ಕಡೆಗೆ ಬುಡ ಎಂದು ಇಡುವುದು, ಮತ್ತೊಂದು ತೆಗೆಯುವುದು. ದಿನವೂ ಅಡಿಗೆ ಮುಗಿಸಿ ವ್ಯಾಪಾರಿಯ ಹೆಂಡತಿ ಅಲ್ಲಿಗೆ ಹೋಗುತ್ತಿದ್ದಳು. ಮೊದಮೊದಲು ಮಗಳದು ಇದಿರಬಹುದೇ ಎಂದು ಒಂದೊಂದನ್ನೂ ನೋಡಿದಳು. ಬರಬರುತ್ತ ನೋಡುವುದನ್ನು ಬಿಟ್ಟಳು. ಎಲ್ಲವನ್ನೂ ಒಂದೇ ಅಕ್ಕರೆಯಿಂದ ಇಟ್ಟಳು. ಬುಡಗಳೆಲ್ಲ ಒಂದು ಕಡೆ, ತುದಿಗಳೆಲ್ಲ ಒಂದು ಕಡೆ ಆದಾಗ ಚೌರಿಯವಳು ಕಟ್ಟನ್ನು ಎತ್ತಿ ಹಿಡಿದಳು. ನೂರು ತಲೆಯ ಕೂದಲು ಒಂದು ಗಂಟಿಲ್ಲದೆ ಸುರಿಯಿತು.

ಕಟ್ಟುವ ಹೊತ್ತು ಬಂತು. ವ್ಯಾಪಾರಿಯ ಹೆಂಡತಿ ಎರಡೂ ಕೈಯಲ್ಲಿ ಬುಡವನ್ನು ಹಿಡಿದಿದ್ದಳು. ಚೌರಿಯವಳು ಕೆಂಪು ದಾರ ಸುತ್ತಿ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿದಳು. ಸುತ್ತು ಜಾರದಂತೆ ಅವಳ ಎರಡೂ ಕೈ ಒತ್ತಿ ಹಿಡಿದಿದ್ದವು, ಇನ್ನೊಂದು ತುದಿ ಹಿಡಿಯಲು ಕೈ ಉಳಿದಿರಲಿಲ್ಲ. ವ್ಯಾಪಾರಿಯ ಹೆಂಡತಿ ಕ್ಷಣ ತಡೆದಳು. ಆಮೇಲೆ ಬಗ್ಗಿ ಆ ತುದಿಯನ್ನು ತನ್ನ ಹಲ್ಲಿನಲ್ಲಿ ಕಚ್ಚಿ ಎಳೆದಳು. ಗಂಟು ಬಿಗಿಯಿತು.

ತೊಟ್ಟಿಲ ಶಾಸ್ತ್ರದ ದಿನ ಅವಳು ಮಗಳ ಹಿಂದೆ ಕೂತು ಚೌರಿ ಸೇರಿಸಿ ಹೆಣೆದಳು. “ಯಾರದವ್ವಾ ಇದು?” ಎಂದು ಮಗಳು ಕೇಳಿದಳು. “ನಮ್ಮದ,” ಎಂದಳು ತಾಯಿ. ಮಗಳು ಜಡೆಯನ್ನು ಮುಂದಕ್ಕೆ ಎಳೆದು ಬಹಳ ಹೊತ್ತು ಸವರಿದಳು. ಎದ್ದು ಸೆರಗು ಸರಿಮಾಡಿಕೊಂಡು ಮಂದಿಯ ನಡುವೆ ಬಂದಳು. ಕೂಸನ್ನು ತೊಟ್ಟಿಲಿಗೆ ಹಾಕಲು ಬಗ್ಗಿದಾಗ ಜಡೆ ಹೆಗಲ ಮೇಲಿಂದ ಜಾರಿ ಕೂಸಿನ ಎದೆಯ ಮೇಲೆ ಬಿತ್ತು. ಕೂಸು ಅದನ್ನು ಮುಷ್ಟಿಯಲ್ಲಿ ಹಿಡಿದು ಜಗ್ಗಿತು. ಜಡೆ ಬಿಡಲಿಲ್ಲ. ಮಗಳು ಕೂಸಿನ ಮುಖ ನೋಡಿ ನಕ್ಕಳು.

ಹೆಂಗಸರು ಜೋಗುಳ ಎತ್ತಿಕೊಂಡರು. ವ್ಯಾಪಾರಿಯ ಹೆಂಡತಿ ಆ ಮುಷ್ಟಿಯನ್ನೇ ನೋಡುತ್ತಿದ್ದಳು. ಹೆಸರು ಗೊತ್ತಿಲ್ಲದ, ಮುಖ ಗೊತ್ತಿಲ್ಲದ ಎಷ್ಟೋ ಮಂದಿ ಹೆಂಗಸರು ಆ ಪುಟ್ಟ ಕೈಯಲ್ಲಿ ಬಂದು ಕೂತಿದ್ದರು. ಎದುರಿಗೆ ನಿಂತವರು ಏನೆಂದುಕೊಳ್ಳುವರೋ ಎಂಬ ನಾಚಿಕೆ ಇಲ್ಲದೆ ಅವಳು ಆ ಜಡೆಗೆ ಕೈ ಮುಗಿದಳು.

ಅಜ್ಜಾರು ಕತೆ ನಿಲ್ಲಿಸಿದರು.

ನಿರುಪಾದಿ, “ಹಾಗಾದರೆ ಆ ಮೀಸಲು ಕೂದಲು ಸುಳ್ಳೇ, ಅಜ್ಜಾರೇ?” ಎಂದ.

“ಸುಳ್ಳಲ್ಲಪ್ಪ. ಅದಕ್ಕೂ ಒಂದು ಬುಡ ಇತ್ತು. ಬುಡ ಯಾವ ಕಡೆ ಎಂದು ಅವಳು ಕೇಳಲಿಲ್ಲ, ಅಷ್ಟೆ.”

ಅಜ್ಜಾರು ಕೌದಿಯ ಕೊನೆಯ ಹೊಲಿಗೆ ಹಾಕಿ ದಾರವನ್ನು ಹಲ್ಲಿನಿಂದ ಕಡಿದರು. ತಲೆಯೆತ್ತಿ ಬಾಗಿಲ ಕಡೆ ನೋಡಿದರು.

“ಬೆಳಿಗ್ಗೆ ನೀನು ಕಳಿಸಿದವನು ಇನ್ನೂ ಬೇವಿನ ಕಟ್ಟೆಯ ಮೇಲೆ ಕೂತಿದ್ದಾನೆ. ಎಲ್ಲೆಲ್ಲಿ ತಿರುಗಿದ ಎನ್ನುವುದು ಬಿಡು, ಮುಖ ಯಾವ ಕಡೆ ಮಾಡಿ ಕೂತಿದ್ದಾನೆ, ನೋಡಿ ಬಾ.”

ನಿರುಪಾದಿ ಎದ್ದ. ಬೇವಿನ ಕಟ್ಟೆಯ ಕಡೆಗೆ ನಡೆದ.