ಆಚೆ ದಡದ ಹಲಗೆ

ಹೊಳೆಯ ದಂಡೆಯಲ್ಲಿ ಒಂದು ಹಳೆಯ ಮಂಟಪ. ಅಲ್ಲಿ ಚಿತ್ರ ಕಲಿಸುವ ಗುರುಗಳೊಬ್ಬರಿದ್ದರು. ಹೆಸರು ವೀರಭದ್ರಾಚಾರ್ಯರು.

ವಯಸ್ಸಾಗಿತ್ತು. ಕಣ್ಣು ಮಂಜಾಗಿತ್ತು. ಶಿಷ್ಯರು ಈಗ ಹೆಚ್ಚು ಬರುತ್ತಿರಲಿಲ್ಲ. ಬಂದರೂ ಅವರಿಗೆ ಹೇಳಲು ಗುರುಗಳಲ್ಲಿ ಹೆಚ್ಚು ಮಾತು ಉಳಿದಿರಲಿಲ್ಲ.

ಒಂದು ಮಧ್ಯಾಹ್ನ ಹಳೆಯ ಶಿಷ್ಯ ಇಂದುಧರ ಬಂದ. ಕಾಲಿಗೆರಗಿದ. ಎದ್ದವನು ಕಂಬಕ್ಕೊರಗಿ ಕುಳಿತುಬಿಟ್ಟ.

"ಸೋತ ಮುಖ" ಎಂದರು ಗುರುಗಳು.

"ಹೌದು, ಗುರುಗಳೇ."

"ನನ್ನದೂ ಅಷ್ಟೇ. ಹೇಳು."

ಇಂದುಧರ ಹೇಳಿದ. ಅವನೂ ಗೆಳತಿ ಫಿರ್ದೋಸಳೂ ಸೇರಿ ಒಂದು ವಿಡಿಯೋ ಗೇಮ್ ಮಾಡಿದ್ದರು. ಯುದ್ಧತಂತ್ರದ ಆಟ. ಕೋಟೆಗೆ ಶತ್ರು ಮುತ್ತಿಗೆ ಹಾಕಿದ್ದಾನೆ. ಒಳಗಿರುವವರನ್ನು ಆಡುವವನು ಉಳಿಸಬೇಕು. ಚಿತ್ರವೆಲ್ಲ ಇವನದು, ಪ್ರೋಗ್ರಾಂ ಎಲ್ಲ ಅವಳದು. ಅದರಲ್ಲೇ ವರ್ಷಗಳು ಹೋಗಿದ್ದವು. ಈಗ ಆಟ ಆನ್‌ಲೈನ್ ಅಂಗಡಿಯಲ್ಲಿತ್ತು. ಆಡಿದ ಕೆಲವರು ಮೆಚ್ಚಿದ್ದರು. ಆದರೆ ಹೊಸಬರು ಬರುತ್ತಿರಲಿಲ್ಲ.

"ಅಂಗಡಿಯಲ್ಲಿ ಪ್ರತಿ ಆಟಕ್ಕೂ ಒಂದು ಸಣ್ಣ ಚಿತ್ರ ಇರುತ್ತದೆ. ಥಂಬ್‌ನೇಲ್ ಅನ್ನುತ್ತಾರೆ. ಹೆಬ್ಬೆರಳ ಉಗುರಿನಷ್ಟು. ಅದನ್ನು ನೋಡಿ ಒತ್ತಿದರೆ ಒಳಗೆ ಬರುತ್ತಾರೆ. ಇಲ್ಲದಿದ್ದರೆ ಮುಂದೆ ಹೋಗುತ್ತಾರೆ. ನಮ್ಮದನ್ನು ಎಲ್ಲರೂ ದಾಟಿಯೇ ಹೋಗುತ್ತಾರೆ."

"ಆ ಹುಡುಗಿ ಏನನ್ನುತ್ತಾಳೆ?"

"ಕೊನೆಯದಾಗಿ ಒಂದು ಸಲ ಚಿತ್ರ ಬದಲಿಸು ಅಂದಿದ್ದಾಳೆ. ಆಗಲೂ ಯಾರೂ ಬರದಿದ್ದರೆ ಬಿಟ್ಟು ಹೋಗುತ್ತಾಳೆ. ಅವಳಿಲ್ಲದೆ ಆ ಆಟ ಇಲ್ಲ."

ಹರಿಗೋಲು ನಡೆಸುವ ಯಂಕಣ್ಣ ಒಂದು ಚೊಂಬು ನೀರು ತಂದು ಗುರುಗಳ ಮುಂದಿಟ್ಟ.

"ಅಜ್ಜಾರ, ಮುಂಜಾನಿಂದ ಒಂದು ಗುಟುಕು ಕುಡಿದಿಲ್ಲ ನೀವು. ಡಾಕ್ಟ್ರು ನನಗ ಬೈತಾರ."

"ನೀರಡಿಕೆ ಇಲ್ಲ."

"ನಿಮಗ ಯಾವಾಗ ಐತಿ?"

"ಈ ವಯಸ್ಸಿಗೆ ಅದೂ ಹೋಯಿತು. ಇವನಿಗೆ ಕೊಡು."

ಇಂದುಧರ ಚೊಂಬು ಬರಿದು ಮಾಡಿದ. ಆಮೇಲೆ ಫೋನ್ ತೆಗೆದು, ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ತೋರಿಸಿದ.

"ಇದು ಕೋಟೆ. ಇವು ಆನೆಗಳು. ಇವನು ಸೇನಾಪತಿ. ನೋಡಿ, ಅವನ ನಿಲುವಂಗಿಯ ಕಸೂತಿಯನ್ನೂ ಬಿಟ್ಟಿಲ್ಲ."

ಗುರುಗಳು ಫೋನಿನ ಕಡೆ ತಿರುಗಲಿಲ್ಲ.

"ಇಲ್ಲಿಯ ಪದ್ಧತಿ ಮರೆತೆಯಾ?"

ಮರೆತಿದ್ದ. ಆ ಮಂಟಪದಲ್ಲಿ ಚಿತ್ರವನ್ನು ಕೈಯಲ್ಲಿ ಹಿಡಿದು ನೋಡುತ್ತಿರಲಿಲ್ಲ. ಶಿಷ್ಯ ಹಲಗೆಯ ಮೇಲೆ ಬರೆಯಬೇಕು. ಹರಿಗೋಲಿನಲ್ಲಿ ಹೊಳೆ ದಾಟಬೇಕು. ಆಚೆ ದಡದಲ್ಲಿ ನಿಂತು ಹಲಗೆಯನ್ನು ಎತ್ತಿ ಹಿಡಿಯಬೇಕು. ಗುರುಗಳು ಈ ದಡದಿಂದ ನೋಡುತ್ತಿದ್ದರು. ಶಿಷ್ಯ ಮರಳಿದ ಮೇಲೆ ಕಂಡದ್ದನ್ನು ಹೇಳುತ್ತಿದ್ದರು. ಸರಿಬರದಿದ್ದರೆ ಹಲಗೆಯನ್ನು ಹೊಳೆಯಲ್ಲೇ ತೊಳೆಯಬೇಕು.

"ಇದು ಫೋನಿನ ಚಿತ್ರ, ಗುರುಗಳೇ. ಜನ ಕೈಯಲ್ಲೇ ಹಿಡಿದು ನೋಡುತ್ತಾರೆ."

"ಹಲಗೆ ಒಳಗಿದೆ. ಬಣ್ಣ ನೀನೇ ಅರೆದುಕೋ."

ಇಂದುಧರ ಅದೇ ಚಿತ್ರವನ್ನು ಹಲಗೆಗೆ ಇಳಿಸಿದ. ಕೋಟೆ, ಆನೆ, ಸೇನಾಪತಿ, ಕಸೂತಿ. ಮರುದಿನ ಹೊಳೆ ದಾಟಿ ಎತ್ತಿ ಹಿಡಿದ.

ಗುರುಗಳು ಒಂದು ಕಣ್ಣು ಮುಚ್ಚಿ ಹೆಬ್ಬೆರಳು ಚಾಚಿದರು. ಆಚೆ ದಡದ ಹಲಗೆ ಅವರ ಉಗುರಿನ ಹಿಂದೆ ಮರೆಯಾಯಿತು. ಬೆರಳು ಸರಿಸಿ ನೋಡಿದರು.

"ಏನು ಕಂಡಿತು?" ಮರಳಿ ಬಂದ ಇಂದುಧರ ಕೇಳಿದ.

"ಯಾರೋ ಸೀರೆ ಒಣಹಾಕಿದ್ದಾರೆ ಅಂದುಕೊಂಡೆ."

ಯಂಕಣ್ಣ ಗೊಳ್ಳೆಂದು ನಕ್ಕ. ಇಂದುಧರನಿಗೆ ತಡೆಯಲಾಗಲಿಲ್ಲ.

"ನಿಮ್ಮ ಕಣ್ಣು ಮಂಜಾಗಿದೆ, ಗುರುಗಳೇ."

ಅಂದವನು ನಾಲಗೆ ಕಚ್ಚಿಕೊಂಡ. ಗುರುಗಳು ಸಿಟ್ಟಾಗಲಿಲ್ಲ.

"ಹೌದು. ನಿನ್ನ ಅಂಗಡಿಗೆ ಬರುವವರು ಎಂಥ ಕಣ್ಣಿನವರು?"

ಇಂದುಧರ ಯೋಚಿಸಿದ. "ಕೆಲಸ ಮುಗಿಸಿ ಬಸ್ಸಿನಲ್ಲಿ ಜೋತುಬಿದ್ದು ನೋಡುವವರು. ಊಟ ಮಾಡುತ್ತ ನೋಡುವವರು. ನಿದ್ದೆ ಬರಲಿ ಅಂತ ನೋಡುವವರು. ದಣಿದವರು."

"ಹಾಗಾದರೆ ನನ್ನ ಕಣ್ಣು ಸಾಕು."

ಇಂದುಧರ ಹಲಗೆ ತೊಳೆದ.

ಮತ್ತೆ ಬರೆದ. ಈ ಸಲ ಹಲಗೆ ತುಂಬ ಒಂದೇ ಒಂದು ಡ್ರ್ಯಾಗನ್. ಕೆಂಪು ಮೈ, ಹಳದಿ ಬೆಂಕಿ. ಆಚೆ ದಡದಲ್ಲಿ ಅದು ಉರಿಯುವಂತೆ ಕಂಡಿತು. ದಾರಿಹೋಕರೂ ನಿಂತು ನೋಡಿದರು.

"ಕಂಡಿತೇ, ಗುರುಗಳೇ?"

"ಕಂಡಿತು. ದೊಡ್ಡ ಹಲ್ಲಿ."

"ಡ್ರ್ಯಾಗನ್."

"ನಿನ್ನ ಆಟದಲ್ಲಿ ಇದು ಎಲ್ಲಿ ಬರುತ್ತದೆ?"

"ಬರುವುದಿಲ್ಲ. ಆದರೆ ಎಲ್ಲರೂ ಹೀಗೇ ಮಾಡುತ್ತಾರೆ. ಜನ ಒಮ್ಮೆ ಒಳಗೆ ಬಂದರೆ ಸಾಕು, ಆಟ ಚೆನ್ನಾಗಿದೆ, ಉಳಿದುಕೊಳ್ಳುತ್ತಾರೆ."

ಗುರುಗಳು ಮೊಣಕಾಲು ಹಿಡಿದುಕೊಂಡು ಎದ್ದರು. ಯಂಕಣ್ಣ ಆಗಲೇ ಮತ್ತೆ ಆಚೆ ದಡಕ್ಕೆ ಹೋಗಿ ಜನರಿಗಾಗಿ ಕಾಯುತ್ತಿದ್ದ. ಗುರುಗಳು ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದರು.

"ಯಂಕಣ್ಣಾ! ಹೋಳಿಗೆ!"

ಹರಿಗೋಲು ಎಂದೂ ಬಾರದ ವೇಗದಲ್ಲಿ ಬಂತು. ಯಂಕಣ್ಣ ಕೈ ತೊಳೆದು ಎಲೆಯ ಮುಂದೆ ಕುಳಿತ. ಗುರುಗಳು ರೊಟ್ಟಿ ಇಟ್ಟರು, ಪುಂಡಿ ಪಲ್ಯ ಹಾಕಿದರು.

"ಹೋಳಿಗಿ ಎಲ್ಲಿ, ಅಜ್ಜಾರ?"

"ಇಲ್ಲ."

"ಇಲ್ಲಂದ್ರ? ನೀವ ಕೂಗಿದ್ರಲ್ಲ?"

"ಕೂಗಿದೆ."

ಯಂಕಣ್ಣ ರೊಟ್ಟಿ ಮುರಿದು ಬಾಯಿಗಿಟ್ಟ. "ಪಲ್ಯಕ್ಕ ಉಪ್ಪಿಲ್ಲ" ಎಂದ. "ರೊಟ್ಟಿ ಬಿರಸ ಆಗ್ಯಾವ" ಎಂದ. ಅರ್ಧ ಬಿಟ್ಟು ಎದ್ದ. ಗುರುಗಳ ಮುಖ ನೋಡದೆ ಹೋದ.

"ನಿನ್ನೆ ಇದೇ ಪಲ್ಯವನ್ನು ಮತ್ತೆ ಮತ್ತೆ ಹಾಕಿಸಿಕೊಂಡು ತಿಂದಿದ್ದ" ಎಂದರು ಗುರುಗಳು. "ಇವತ್ತಿನದು ಅದಕ್ಕಿಂತ ಚೆನ್ನಾಗಿದೆ. ತಿಂದು ನೋಡು."

ಇಂದುಧರ ತಿಂದು ನೋಡಿದ. ಚೆನ್ನಾಗಿತ್ತು. ಊಟ ಮುಗಿಸಿ, ಹೇಳಿಸಿಕೊಳ್ಳದೆ ಹಲಗೆ ತೊಳೆದ.

ಆಮೇಲೆ ಅವನಿಂದ ಏನೂ ಬರೆಯಲಾಗಲಿಲ್ಲ. ಬಣ್ಣ ಒಣಗಿತು. ಅವನು ನೀರು ನೋಡುತ್ತ ಕೂತ. ಗುರುಗಳು ಕಂಬ ನೋಡುತ್ತ ಕೂತರು.

ಫಿರ್ದೋಸಳ ಫೋನ್ ಬಂತು.

"ಆಯ್ತಾ?"

"ಇಲ್ಲ."

"ಸಾಕು ಬಿಡು, ಇಂದೂ. ನನಗೆ ಸಿಟ್ಟೂ ಬರ್ತಿಲ್ಲ ಈಗ. ಭಾನುವಾರ ಅಂಗಡಿಯಿಂದ ತೆಗೆದುಬಿಡೋಣ."

ಅವಳು ಫೋನ್ ಇಟ್ಟಳು. ಇಂದುಧರ ಅದನ್ನು ಕೈಯಲ್ಲೇ ಹಿಡಿದು ಕೂತಿದ್ದ.

"ಅವಳು ಆ ಆಟ ಆಡುತ್ತಾಳೆಯೇ?" ಗುರುಗಳು ಕೇಳಿದರು.

"ತಪ್ಪು ಹುಡುಕಲು ದಿನವೂ ಆಡುತ್ತಾಳೆ. ಬೇಸತ್ತು ಹೋಗಿದ್ದಾಳೆ."

"ಎಲ್ಲಿಯಾದರೂ ಅವಳ ಕೈ ನಿಲ್ಲುತ್ತದೆಯೇ?"

ಇಂದುಧರ ತಲೆ ಎತ್ತಿದ.

"ಒಂದು ಕಡೆ ನಿಲ್ಲುತ್ತದೆ. ಕೋಟೆಯ ಬಾವಿ ಬತ್ತುತ್ತದೆ. ಸೈನಿಕನ ಉಕ್ಕಿನ ಟೊಪ್ಪಿಗೆಯಲ್ಲಿ ಕೊನೆಯ ನೀರು ಉಳಿದಿರುತ್ತದೆ. ಬಾಗಿಲು ಕಾಯುವವನಿಗೆ ಕೊಡಬೇಕೋ, ಒಳಗಿನ ಮಗುವಿಗೋ ಅಂತ ಆಡುವವನು ತೀರ್ಮಾನಿಸಬೇಕು. ಬರೆದವಳು ಅವಳೇ. ಮುಂದೆ ಏನಾಗುತ್ತದೆ ಅಂತ ಗೊತ್ತು. ಆದರೂ ಅಲ್ಲಿ ಕೈ ತೆಗೆದು ಸುಮ್ಮನೆ ಕೂತುಬಿಡುತ್ತಾಳೆ."

"ನೀನು?"

"ನಾನೂ."

"ಅದು ನಿನ್ನ ಚಿತ್ರದಲ್ಲಿ ಎಲ್ಲಿತ್ತು?"

"ಇರಲಿಲ್ಲ. ಆನೆಗಳಿದ್ದವಲ್ಲ, ಜಾಗ ಸಾಲಲಿಲ್ಲ."

ಗುರುಗಳು ಟವೆಲು ಸುತ್ತಿ ತಲೆಯಡಿಗಿಟ್ಟುಕೊಂಡು ಅತ್ತ ಮಗ್ಗುಲಾದರು.

ಇಂದುಧರ ಬಣ್ಣ ಅರೆದ. ಹಲಗೆಗೆ ಪೂರ್ತಿ ಕಪ್ಪು ಬಳಿದ. ನಡುವೆ ಅಂಗಾತ ಹಿಡಿದ ಒಂದು ಟೊಪ್ಪಿಗೆ. ಅದರ ಅಂಚಿನೊಳಗೆ ತೆಳ್ಳಗೆ, ಬೆಳ್ಳಗೆ ನೀರು. ಒಂದು ಕಡೆಯಿಂದ ದೊಡ್ಡ ಕೈ. ಇನ್ನೊಂದು ಕಡೆಯಿಂದ ಪುಟ್ಟ ಕೈ. ಮೂಲೆಯಲ್ಲಿ ಒಂದು ಬಾವುಟ ಇರಲಿ ಎಂದು ಕುಂಚ ಎತ್ತಿದ. ಕೆಳಗಿಟ್ಟ.

ಬೆಳಿಗ್ಗೆ ಹರಿಗೋಲು ಹತ್ತಿದ. ಯಂಕಣ್ಣನ ಮುನಿಸು ಇನ್ನೂ ಇಳಿದಿರಲಿಲ್ಲ.

"ಇವತ್ತೇನು ಬರದೀರಿ? ಪಾಯಸ?"

ಇಂದುಧರ ಹಲಗೆ ತಿರುಗಿಸಿ ತೋರಿಸಿದ. ಯಂಕಣ್ಣ ಅದನ್ನೇ ನೋಡುತ್ತ ದಡ ಮುಟ್ಟುವವರೆಗೂ ಹುಟ್ಟು ಹಾಕಿದ.

ಇಂದುಧರ ಹಲಗೆ ಎತ್ತಿ ಹಿಡಿದ. ಈ ದಡದಲ್ಲಿ ಗುರುಗಳು ಎದ್ದು ನಿಂತರು. ಹೆಬ್ಬೆರಳು ಚಾಚಿದರು. ಕೈ ನಿಧಾನವಾಗಿ ಕೆಳಗಿಳಿಯಿತು. ಆದರೂ ನಿಂತೇ ಇದ್ದರು. ಇಂದುಧರನ ತೋಳು ನೋಯತೊಡಗಿತು. ಅವನು ಇಳಿಸಲಿಲ್ಲ.

ಮರಳಿ ಬಂದಾಗ ಗುರುಗಳು ಕಟ್ಟೆಯ ಮೇಲೆ ಕುಳಿತಿದ್ದರು.

"ಏನು ಕಂಡಿತು, ಗುರುಗಳೇ?"

ಗುರುಗಳು ಇನ್ನೂ ಆಚೆ ದಡವನ್ನೇ ನೋಡುತ್ತಿದ್ದರು.

"ಜನ ನಿಲ್ಲುತ್ತಾರೆಯೇ? ಫಿರ್ದೋಸಳಿಗೆ ಏನು ಹೇಳಲಿ?"

ಗುರುಗಳು ಒಣಗಿದ ತುಟಿಯನ್ನು ನಾಲಗೆಯಿಂದ ಸವರಿಕೊಂಡರು.

"ಅದೆಲ್ಲ ನನಗೇನು ಗೊತ್ತು? ಮೊದಲು ಒಂದು ಚೊಂಬು ನೀರು ತಾ."